ಮುಂಗಾಲಿಯ ‘ಟಕ್ ಟಕ್’

ಹುಣಸೂರಿನಿಂದ ಪಿರಿಯಾಪಟ್ಟಣದವರೆಗೆ ಹೆದ್ದಾರಿಯಲ್ಲಿ ತೆಪ್ಪಗೆ ಓಡಿದ ಕಾರು, ಊರಿನ ಮಣ್ಣುದಾರಿಗೆ ಇಳಿದ ಕೂಡಲೇ ಮುಂದುಗಡೆ ‘ಟಕ್ ಟಕ್’ ಎನ್ನುತ್ತದೆಯೆ? ಸ್ಟೀರಿಂಗ್ ಒಂದಿಷ್ಟು ತಿರುಗಿದ ಮೇಲಷ್ಟೇ ಚಕ್ರ ಮಾತು ಕೇಳುತ್ತದೆಯೆ? ಮುಂದಿನ ಟೈರು ಒಂದೇ ಅಂಚಿನಲ್ಲಿ ಸವೆಯುತ್ತಿದೆಯೆ? ಹಾಗಿದ್ದರೆ ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಲೋವರ್ ಆರ್ಮಿನ ಬುಷ್ ಇವುಗಳಲ್ಲೊಂದು ಮುಗಿದಿದೆ.

ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು. ಹಳ್ಳಿಯ ಅಂಗಳದಲ್ಲಿ ಕಾರು ನಿಂತಿಲ್ಲ. ತಂಬಾಕು ಹರಾಜಿಗೆ, ಕೆ.ಆರ್. ನಗರದ ಕಬ್ಬಿನ ಗದ್ದೆಗೆ, ಎಚ್.ಡಿ. ಕೋಟೆಯ ಕಾಡಂಚಿನ ಊರುಗಳಿಗೆ ಇಂಥ ಹಳೆಯ ಕಾರನ್ನೇ ನಂಬಿದವರಿದ್ದಾರೆ. ಇಂಥ ದಾರಿಯಲ್ಲಿ ಕೀಲುಗಳನ್ನು ಕೊಲ್ಲುವುದು ಗುಂಡಿಗಿಂತ ಹೆಚ್ಚಾಗಿ ಧೂಳು. ಕೀಲಿನ ಮೇಲಿನ ರಬ್ಬರ್ ಟೋಪಿ ಒಮ್ಮೆ ಹರಿಯಿತೆನ್ನಿ, ಕೆಮ್ಮಣ್ಣು ಗ್ರೀಸಿನೊಂದಿಗೆ ಕಲೆತು ಸಾಣೆಯ ಪುಡಿಯಾಗುತ್ತದೆ. ಆಮೇಲೆ ಹೊರಗಿನಿಂದ ಎಷ್ಟು ಗ್ರೀಸ್ ಬಳಿದರೂ ವ್ಯರ್ಥ.

ಮೊದಲು ಪರೀಕ್ಷೆ. ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಮುಂಭಾಗ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕಿಯನ್ನು ನಂಬಿ ಅಡಿಗೆ ತೂರಬೇಡಿ. ಇಟ್ಟಿಗೆ ಜೋಡಿಸುವುದೂ ಬೇಡ, ಅದು ಹೇಳದೆ ಪುಡಿಯಾಗುತ್ತದೆ. ಚಕ್ರವನ್ನು ಎಡಬಲ ಬದಿಗಳಲ್ಲಿ ಹಿಡಿದು ಅಲುಗಿಸಿ. ಆಟವಿದ್ದರೆ ಅನುಮಾನ ಟೈ ರಾಡ್ ಎಂಡಿನ ಮೇಲೆ. ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಟ ಕಂಡರೆ ಬಾಲ್ ಜಾಯಿಂಟೋ ಚಕ್ರದ ಬೇರಿಂಗೋ. ಮನೆಯವರೊಬ್ಬರು ಬ್ರೇಕ್ ಒತ್ತಿದಾಗ ಆಟ ಮಾಯವಾದರೆ ಬೇರಿಂಗ್ ಎಂದು ತಿಳಿಯಿರಿ. ಟೈರಿನಡಿ ಹಾರೆ ಕೊಟ್ಟು ಮೀಟಿದರೆ ಬಾಲ್ ಜಾಯಿಂಟಿನ ಬಣ್ಣ ಬಯಲಾಗುತ್ತದೆ.

ಟೈ ರಾಡ್ ಎಂಡ್ ಬದಲಿಸುವುದು ಸ್ಪ್ಯಾನರ್ ಹಿಡಿದು ರೂಢಿಯಿರುವ ಯಾರಿಗೂ ಸಾಧ್ಯ. ಚಕ್ರ ಬಿಚ್ಚಿ, ಒಳಗಿನ ಲಾಕ್ ನಟ್ಟನ್ನು ಕಾಲು ಸುತ್ತು ಮಾತ್ರ ಸಡಿಲಿಸಿ. ಸ್ಪ್ಲಿಟ್ ಪಿನ್ ಎಳೆದು, ನಟ್ಟನ್ನು ಕೆಲವು ಸುತ್ತು ಬಿಚ್ಚಿ, ಪೂರ್ತಿ ತೆಗೆಯಬೇಡಿ. ಕೀಲಿನ ಮೊಳೆ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಇಲ್ಲಿ ಎಲ್ಲರೂ ಮೊಳೆಯ ತಲೆಗೇ ಬಾರಿಸುತ್ತಾರೆ, ಅದರಿಂದ ಮರೆ ಕೆಡುವುದಷ್ಟೇ ಲಾಭ. ಮೊಳೆ ಕೂತಿರುವ ಕಣ್ಣಿನ ಒಂದು ಮಗ್ಗುಲಿಗೆ ಭಾರದ ಸುತ್ತಿಗೆ ಆನಿಸಿ, ಎದುರು ಮಗ್ಗುಲಿಗೆ ಇನ್ನೊಂದರಿಂದ ಚುರುಕಾಗಿ ಎರಡು ಏಟು ಕೊಡಿ, ತಾನಾಗಿ ಸಡಿಲಗೊಳ್ಳುತ್ತದೆ. ನಟ್ಟು ತೆಗೆದು, ಹಳೆಯ ಎಂಡನ್ನು ತಿರುಗಿಸಿ ಹೊರತೆಗೆಯುವಾಗ ಸುತ್ತು ಎಣಿಸಿ ಗೋಡೆಯ ಮೇಲೆ ಬರೆದಿಡಿ. ಹೊಸದನ್ನು ಅಷ್ಟೇ ಸುತ್ತು ಕೂರಿಸಿ. ಸ್ಪ್ಲಿಟ್ ಪಿನ್ ಹೊಸದೇ ಆಗಬೇಕು. ಅದು ಕೆಲವೇ ರೂಪಾಯಿಯ ವಸ್ತು. ನಟ್ಟು ಬಿಚ್ಚಿಕೊಂಡು ಹೋಗದಂತೆ ತಡೆಯುವುದು ಅದೊಂದೇ. ಓಟದಲ್ಲಿ ಆ ಕೀಲು ಕಳಚಿದರೆ ನೀವು ಸ್ಟೀರಿಂಗ್ ಯಾವ ಕಡೆ ತಿರುಗಿಸಿದರೂ ಆ ಚಕ್ರ ತನ್ನ ಪಾಡಿಗೆ ಹೋಗುತ್ತದೆ.

ಲೋವರ್ ಆರ್ಮ್ ಇನ್ನೂ ಸ್ವಲ್ಪ ಮೈಮುರಿಯುವ ಕೆಲಸ. ಅನೇಕ ಕಾರುಗಳಲ್ಲಿ ಬಾಲ್ ಜಾಯಿಂಟ್ ಆರ್ಮಿನೊಂದಿಗೇ ಬರುತ್ತದೆ, ಇಡಿಯಾಗಿ ಬದಲಿಸುವುದೇ ಸಲೀಸು. ರಬ್ಬರ್ ಬುಷ್ ಇರುವ ಬೋಲ್ಟನ್ನು ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೇ ಪೂರ್ತಿ ಬಿಗಿಯಬೇಡಿ. ಕಾರಿನ ಭಾರ ಚಕ್ರದ ಮೇಲೆ ಕೂತ ನಂತರ ಬಿಗಿಯಿರಿ. ಇಲ್ಲವಾದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಸ್ಟ್ರಟ್ಟಿನ ಸ್ಪ್ರಿಂಗನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಒತ್ತಿ ಹಿಡಿದ ಸ್ಪ್ರಿಂಗ್ ಚಿಮ್ಮಿದರೆ ದವಡೆ ಉಳಿಯುವುದಿಲ್ಲ. ಅದಕ್ಕೆ ತಕ್ಕ ಸಲಕರಣೆ ಇರುವ ಗ್ಯಾರೇಜಿಗೆ ಕೊಡಿ. ಸುತ್ತು ಎಣಿಸಿ ಕೂರಿಸಿದ್ದರೂ ವೀಲ್ ಅಲೈನ್‌ಮೆಂಟ್ ತಪ್ಪಿಸುವಂತಿಲ್ಲ. ಅಲ್ಲಿಯವರೆಗೆ ನಿಧಾನವಾಗಿ ಓಡಿಸಿ, ಮುಟ್ಟಿದ ನಟ್ಟುಗಳನ್ನೆಲ್ಲ ಮರುದಿನ ಬೆಳಿಗ್ಗೆ ಮತ್ತೊಮ್ಮೆ ನೋಡಿ.