ಫೋಟೊ ಸರಿ, ಹೆಸರು ಸರಿಯಿದೆಯಾ?

ಕಂಬಂ (ತೇನಿ ಜಿಲ್ಲೆ): ಗುರುತಿನ ಚೀಟಿಗೆ ಫೋಟೊ ಅಂದರೆ ತಲೆ ಬಾಚಿ, ಪೌಡರ್ ಹಚ್ಚಿ, ಇಸ್ತ್ರಿ ಅಂಗಿ ಹಾಕಿ ಹೊರಡೋದು ಎಲ್ಲ ಕಡೆ ಇದ್ದದ್ದೇ. ಕಂಬಂ ಕಣಿವೆ, ದಿಂಡಿಗಲ್ ಕಡೆಯ ಕನ್ನಡ ಮನೆಗಳಿಗೆ ಇನ್ನೊಂದು ತಯಾರಿಯೂ ಬೇಕು. ಅದು ಫೋಟೊ ಪಕ್ಕದಲ್ಲಿ ಅಚ್ಚಾಗುವ ಹೆಸರಿನದು.

ಇಲ್ಲಿನ ಕಪ್ಪಿಲಿಯ ಒಕ್ಕಲಿಗರು, ದೇವಾಂಗರ ಮನೆಗಳಲ್ಲಿ ಮಾತು ಕನ್ನಡ, ಬರಹ ತಮಿಳು. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ; ಪ, ಬ ಕೂಡ ಹಾಗೇ. ಮನೆಯ ಗೌಡ ಕಚೇರಿಯಲ್ಲಿ ಕೌಡ, ಬಸವ ಪಸವ ಆಗಬಹುದು. ಇಂಗ್ಲಿಷಿಗೆ ಹೋದರೆ ಮತ್ತೊಂದು ರೂಪ. (ಮರಾಠಿಯಲ್ಲಿ ಬರೆದರೂ ಗೌಡ ಗೌಡನೇ, ಬೆಳಗಾವಿ ಗಡಿಯಲ್ಲಿ ಈ ತಾಪತ್ರಯ ಇಲ್ಲ.) ಇದರ ಮೇಲೆ ಇನಿಷಿಯಲ್ ಬೇರೆ. ಒಂದು ದಾಖಲೆಯಲ್ಲಿ ಅಪ್ಪನ ಹೆಸರಿನ ಮೊದಲ ಅಕ್ಷರ, ಇನ್ನೊಂದರಲ್ಲಿ ಪೂರ್ತಿ ಹೆಸರು.

ಇದು ಬರೀ ಕಾಗುಣಿತದ ಮಾತಲ್ಲ. 2025ರ ನವೆಂಬರ್ 4ರಿಂದ ತಮಿಳುನಾಡಿನಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ನಡೆಯಿತು. ಮನೆಗೆ ಬಂದ ಫಾರಂನಲ್ಲಿ ಹಳೇ ಫೋಟೊ ಅಚ್ಚಾಗಿತ್ತು, ಪಕ್ಕದಲ್ಲಿ ಹೊಸದು ಅಂಟಿಸಲು ಜಾಗ. ಕಣ್ಣು ಮೊದಲು ಹೋಗೋದು ಆ ಜಾಗಕ್ಕೇ. ಆದರೆ ಹಿಂದಿನ ತೀವ್ರ ಪರಿಷ್ಕರಣೆಯ, ಅಂದರೆ 2002, 2005ರ ಪಟ್ಟಿಯಲ್ಲಿ ನಿಮ್ಮದೋ ಹೆತ್ತವರದೋ ಹೆಸರು ಎಲ್ಲಿದೆ ಅಂತಲೂ ಫಾರಂ ಕೇಳಿತ್ತು. ಇಪ್ಪತ್ತು ವರ್ಷದ ಹಿಂದೆ ಯಾರೋ ಕಿವಿಗೆ ಬಿದ್ದಂತೆ ಬರೆದುಕೊಂಡ ಹೆಸರನ್ನು ಈಗ ಹುಡುಕೋದು ಹೇಗೆ?

ಡಿಸೆಂಬರ್ 19ರ ಕರಡು ಪಟ್ಟಿಯಲ್ಲಿ ರಾಜ್ಯದ 97 ಲಕ್ಷಕ್ಕೂ ಹೆಚ್ಚು ಹೆಸರು ಬಿಟ್ಟುಹೋಗಿದ್ದವು. ಸತ್ತವರು, ಊರು ಬಿಟ್ಟವರು, ಎರಡು ಕಡೆ ಹೆಸರಿದ್ದವರು ಅಂತ ಕಾರಣ ಕೊಟ್ಟಿದ್ದರು. ಏಲಕ್ಕಿ ತೋಟದ ಕೂಲಿಗೆ ಘಟ್ಟ ಹತ್ತಿ ಇಡುಕ್ಕಿಗೆ ಹೋಗಿಬರೋ ಕಣಿವೆಯವರು ಹಗಲಲ್ಲಿ ಮನೆಯಲ್ಲಿ ಸಿಗಲ್ಲ. ಅಂಥವರನ್ನು ಊರು ಬಿಟ್ಟವರು ಅಂತ ಬರೆಯೋದು ಸುಲಭ.

ಫೋಟೊ ಅಷ್ಟು ಕಷ್ಟದ ವಿಷಯ ಅಲ್ಲ. ಬಿಳಿ ಹಿನ್ನೆಲೆ, ಮುಖ ನೇರ, ಕಣ್ಣು ತೆರೆದಿರಬೇಕು. ಆಧಾರ್‌ಗಂತೂ ಸ್ಟುಡಿಯೋ ಫೋಟೊ ಬೇಡವೇ ಬೇಡ, ಕೇಂದ್ರದಲ್ಲೇ ತೆಗೀತಾರೆ. ಅಲ್ಲಿ ಪರದೆಯ ಮೇಲೆ ವಿವರ ತೋರಿಸಿದಾಗ ನಾವು ಮುಖ ಹೇಗೆ ಬಂತು ಅಂತ ನೋಡಿ ತಲೆಯಾಡಿಸಿಬಿಡ್ತೀವಿ. ಮುಖ ಚೆನ್ನಾಗಿಲ್ಲ ಅಂದರೆ ಶುಲ್ಕ ಕಟ್ಟಿ ಬದಲಿಸಬಹುದು. ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಶಾಲೆಯ ಟಿಸಿಯಲ್ಲಿರುವ ಹೆಸರನ್ನು ತಮಿಳು, ಇಂಗ್ಲಿಷ್ ಎರಡರಲ್ಲೂ ಚೀಟಿಯಲ್ಲಿ ಬರೆದು ಒಯ್ದರೆ ಆಪರೇಟರಿಗೂ ಅನುಕೂಲ. ಮತದಾರರ ಪಟ್ಟಿಯಲ್ಲಿ ಹೆಸರು, ಫೋಟೊ ಎರಡರ ತಿದ್ದುಪಡಿಗೂ ಫಾರಂ 8 ಸಾಕು. ಹೆಸರೇ ಇಲ್ಲದಿದ್ದರೆ ಫಾರಂ 6.