ನಮ್ಮನಿ ಯೆಜ್ಡಿ ಯಾರ ಕೈಗೆ ಕೊಡಬೇಕು

ಹಳೆ ಗಾಡಿ ರಿಪೇರಿ ಅಂದ್ರ ಗಂಡಸರ ಕೆಲಸ, ನಿನಗ್ಯಾಕ ಬೇಕು ಅದರ ಉಸಾಬರಿ ಅಂತ ಓಣ್ಯಾಗ ಇಬ್ಬರು ಮೂವರು ಕೇಳಿದ್ರಿ. ಯಾಕಂದ್ರ ದುಡ್ಡು ನಂದು. ಎರಡು ವರ್ಷ ಖಡಕ್ ರೊಟ್ಟಿ ಬಡಿದು ಕೂಡಿಸಿದ್ದು. ಬಂಗಾರದ ಬಳಿ ಕರಗಿಸಿ ಹೊಸದು ಮಾಡಿಸುವಾಗ ಪತ್ತಾರರ ಮುಂದ ಕುಂತು, ತೂಕ ನೋಡಿ ಕೊಡ್ತೀವಿ. ಅದಕ್ಕ ಯಾರೂ ಏನೂ ಅನ್ನಂಗಿಲ್ಲ. ಗಾಡಿ ಕೊಡುವಾಗ ಮಾತ್ರ ನಾವು ಒಳಗ ಚಾ ಕಾಸಬೇಕೇನು?

ನಮ್ದು ಯೆಜ್ಡಿ ರೋಡ್‌ಕಿಂಗ್. ನನ್ನ ಮದುವಿ ಆದ ಮರುವರ್ಷ, 1991ರಾಗ ತಗೊಂಡಿದ್ದು. ಈಗಿನ ಹುಡುಗರಿಗೆ ಗೊತ್ತಿರಂಗಿಲ್ಲ, ಅದು ಮೈಸೂರಾಗ ಹುಟ್ಟಿದ ಗಾಡಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನಿ 1961ರಾಗ ಶುರುವಾತು, ಮೊದಲು ಜಾವಾ, ಆಮೇಲೆ ಯೆಜ್ಡಿ. ರೋಡ್‌ಕಿಂಗ್ ಬಂದದ್ದು 1978ರಾಗ. 250 ಸಿಸಿ, ಸಿಲಿಂಡರ್ ಒಂದ, ಸೈಲೆನ್ಸರ್ ಎರಡು. ಕಿಕ್ ಹೊಡೆಯೋ ಕಡ್ಡೀನ ಮುಂದಕ್ಕ ತಿರುವಿದ್ರ ಅದ ಗೇರ್ ಆಗ್ತದ. ಪೆಟ್ರೋಲಿನಾಗ ಎಣ್ಣಿ ಬೆರೆಸಿ ಹಾಕಬೇಕು. ನಮ್ಮ ಮನಿಯವರು ದಿನಾ ಸಂಡೂರು ಘಾಟಿನಾಗ ಮೈನ್ಸ್ ಕೆಲಸಕ್ಕ ಹೋಗಿ ಕೆಂಪು ಧೂಳ ಹೊತ್ತು ಬರ್ತಿದ್ರು. ಓಣಿ ತುದಿಗೆ ಆ ಸಪ್ಪಳ ಕೇಳಿದ್ರ ನಾನು ಚಾಕ್ಕ ಇಡ್ತಿದ್ದೆ. ಟ್ಯಾಂಕಿನ ಮ್ಯಾಲೆ ಒಂದು ಕೂಸು, ನನ್ನ ತೊಡಿ ಮ್ಯಾಲೆ ಒಂದು ಕೂಸು, ಹಂಪಿ ಜಾತ್ರಿಗೆ ಅದರ ಮ್ಯಾಲೇ ಹೋಗೇವಿ.

2011ರ ಜುಲೈನಾಗ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲಾದಾಗ ಗಣಿ ನಿಲ್ಲಿಸಿತು. ಅವರ ಕೆಲಸಾನೂ ನಿಂತಿತು, ಗಾಡೀನೂ ನಿಂತಿತು. ಆ ವರ್ಷ ಮನ್ಯಾಗ ಏನೇನು ಮಾರಿದಿವಿ ಅಂತ ನಿಮಗ ಗೊತ್ತೈತಿ. ಗುಜರಿಯವನು ಮೂರು ಸಲ ಬಂದು ಕೇಜಿ ಲೆಕ್ಕದಾಗ ಕೇಳಿದ. ಇವರು ಒಂದು ಮಾತೂ ಆಡಲಿಲ್ಲ, ಹೋಗಿ ಗಾಡಿ ಮ್ಯಾಲೆ ಹಳೆ ಕೌದಿ ಹೊಚ್ಚಿ ಬಂದ್ರು. ಹಂಗಾಗಿ ಅದೊಂದು ಉಳೀತು.

ಈಗ ಅವರಿಗೆ ಮೊಣಕಾಲು ನೋವು. ಮೊದಲಿನಂಗ ಊರಾಡಂಗಿಲ್ಲ, ಕಟ್ಟಿ ಮ್ಯಾಲೆ ಕುಂತು ಬಿಡ್ತಾರ. ಗಾಡಿ ಸುದ್ದಿ ತೆಗೆದ್ರ ಮಾತ್ರ ಅರ್ಧ ತಾಸು ಬಿಡದಂಗ ಮಾತಾಡ್ತಾರ. ಅದನ್ನ ನೋಡೇ ನಾನು ರೊಟ್ಟಿ ದುಡ್ಡು ತೆಗೆದದ್ದು. ಆ ದುಡ್ಡಿನಾಗ ಮಾಳಿಗಿ ಸೋರೋದು ನಿಲ್ಲಿಸಬೌದಿತ್ತು ಅಂತ ನಮ್ಮ ನಾದಿನಿ ಅಂತಾಳ. ಖರೆ ಐತಿ. ಮಾಳಿಗಿ ಮುಂದಿನ ಮಳಿಗಾಲಕ್ಕ.

ಕಾರ್ಖಾನಿ 1996ರಾಗ ಮುಚ್ಚೈತಿ. ಈಗ ಹೊಸ ಯೆಜ್ಡಿ ಅಂತ ಬಂದಾವ, ಆದ್ರ ಅವಕ್ಕೂ ನಮ್ಮ ಗಾಡಿಗೂ ಹೆಸರೊಂದ ಸಂಬಂಧ, ಸಾಮಾನು ಕೂಡಂಗಿಲ್ಲ. ಹಂಗಾಗಿ ಶೋರೂಮಿಗೆ ಹೋದ್ರ ನಡಿಯಂಗಿಲ್ಲ, ಗ್ಯಾರೇಜೇ ಹುಡುಕಬೇಕು. ಮಗ ಬೆಂಗಳೂರಾಗ ಒಂದು ಅಂಗಡಿ ನೋಡಿದ. ಎಲ್ಲಾ ಕನ್ನಡಿಯಂಗ ಹೊಳೀತೈತಿ, ಎ.ಸಿ. ಬೇರೆ. 1,30,000 ರೂಪಾಯಿ, ಅರ್ಧ ಮುಂಗಡ. ಬಣ್ಣದ ಪಟ್ಟಿ ಕಳಿಸಿದ್ರು, ಯಾವ ಬಣ್ಣ ಬೇಕು ಆರಿಸ್ರಿ ಅಂತ. ಇಂಜಿನ್ ಸುದ್ದಿ ಒಬ್ಬರೂ ಕೇಳಲಿಲ್ಲ. ಮದುವಿ ಹುಡುಗಿ ನೋಡಾಕ ಬಂದು ಸೀರಿ ಬಣ್ಣ ಕೇಳಿದಂಗಾತು. ಇಲ್ಲೇ ಹೊಸಪೇಟ್ಯಾಗ ಇನ್ನೊಬ್ಬಾತ, ಈ ಇಂಜಿನ್ ಸತ್ತೈತಿ, ಗುಜರಿಯಿಂದ ಬ್ಯಾರೆ ಇಂಜಿನ್ ತಂದು ಕೂಡಸ್ತೀನಿ, ಎಂಟು ದಿನದಾಗ ಓಡ್ತೈತಿ ಅಂದ. ಇವರು ಹೂಂ ಅನ್ನಾಕ ಹತ್ತಿದ್ರು. ನಾನು ಬ್ಯಾಡ ಅಂದೆ. ಆರ್‌ಸಿ ಬುಕ್ಕಿನಾಗ ಇಂಜಿನ್ ನಂಬರು, ಚಾಸಿ ನಂಬರು ಎರಡೂ ಬರದಿರ್ತಾರ. 15 ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ಆರ್‌ಟಿಒದಾಗ ಗಾಡಿ ತೋರಿಸಿ ಆರ್‌ಸಿ ಹೊಸದು ಮಾಡಿಸಬೇಕು. ನಮ್ದು ಮುಗಿದು ಭಾಳ ವರ್ಷ ಆಗೈತಿ, ದಂಡ ಬ್ಯಾರೆ ಕಟ್ಟಬೇಕು. ಅದರಾಗ ನಂಬರು ಕೂಡಲಿಲ್ಲ ಅಂದ್ರ ಅಲ್ಲಿ ನಿಂತು ಏನು ಹೇಳೋದು? ಪೇಂಟ್ ಮಾಡುವಾಗೂ ಅಷ್ಟ. ತುಕ್ಕು ತಿಕ್ಕಿ ತೆಗೆಯೋ ಭರಾಟ್ಯಾಗ ಚಾಸಿ ಮ್ಯಾಲಿನ ನಂಬರು ಅಳಿಸಿಬಿಡ್ತಾರ. ಕೊಡೋಕಿಂತ ಮೊದಲು ಎರಡೂ ನಂಬರಿನ ಫೋಟೋ ತಗೊಂಡು ಇಟ್ಕೋರಿ.

ಕಡೀಗೆ ಸಿಕ್ಕಾತ ನನ್ನ ತವರು ಕಂಪ್ಲಿಯಾಗ. ಅದು ಅಂಗಡಿ ಅನ್ನಾಕೂ ಬರಂಗಿಲ್ಲ, ತಗಡಿನ ಶೆಡ್ಡು. ಗದ್ದಿ ಪಂಪು, ಟಿಲ್ಲರು ರಿಪೇರಿ ಮಾಡೋ ವಯಸ್ಸಾದ ಮೇಸ್ತ್ರಿ. ಹರೇದಾಗ ಬರೇ ಜಾವಾ, ಯೆಜ್ಡಿ ಬಿಚ್ಚಿದಾತ. ಗಾಡಿ ನೋಡಿ ಮೊದಲು ಕೇಳಿದ್ದು, "ಎಷ್ಟು ವರ್ಷದಿಂದ ನಿಂತೈತಮ್ಮಾ?" ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿದ. ಕಿಕ್ ಜೋರಾಗಿ ಹೊಡಿಯಬ್ಯಾಡ್ರಿ ಅಂತ ನಮ್ಮ ಮಗನ ಕೈ ಹಿಡಿದ. ಒಳಗ ತುಕ್ಕು ಇದ್ರ ಬೋರು ಗೀಚ್ತೈತಂತ. ಇಷ್ಟು ವರ್ಷ ನಿಂತ್ರ ಕ್ರ್ಯಾಂಕಿನ ಆಯಿಲ್ ಸೀಲು ಒಣಗಿ ಬಿರಕು ಬಿಟ್ಟಿರ್ತಾವ, ಗೇರ್ ಎಣ್ಣಿ ಇಂಜಿನ್ ಒಳಗ ಹೋಗಿ ಹೊಗಿ ಬರ್ತೈತಿ, ಮೊದಲು ಅದು, ಬಣ್ಣ ಕಡೀಗೆ ಅಂದ. 42,000 ಆಗಬೌದು, ಬಿಚ್ಚಿದ ಮ್ಯಾಲೆ ಖರೆ ಲೆಕ್ಕ ಹೇಳ್ತೀನಿ, ಒಂದೊಂದು ಕೆಲಸ ಮುಗಿದಂಗ ಕೊಡ್ರಿ ಅಂದ. ತೆಗೆದ ಹಳೆ ಸಾಮಾನೆಲ್ಲಾ ಚೀಲಕ್ಕ ಹಾಕಿ ವಾಪಸ್ ಕೊಡ್ತೀನಿ ಅಂತನೂ ತಾನೇ ಹೇಳಿದ. ನಾನು ಅಲ್ಲೇ ಹೂಂ ಅಂದೆ.

ವಯಸ್ಸಾದಾತ, ನಡುವ ಏನರ ಆದ್ರ ಅಂತ ಮಗ ಅಂದ. ನಮ್ಮ ಡ್ಯಾಮಿನ ಕತಿ ನೆನಪು ಮಾಡಿಕೋ ಅಂದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋದಾಗ ಕನ್ನಯ್ಯ ನಾಯ್ಡು ಅವರನ್ನ ಕರೆಸಲಿಲ್ಲೇನು? ನಿವೃತ್ತಿ ಆದ ಹಿರೀಕರು. ಹರಿಯೋ ನೀರಾಗ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದ್ರು. ಆ ವಾರ ನಾವು ಯಾರೂ ಅವರ ವಯಸ್ಸು ಕೇಳಲಿಲ್ಲ.

ಹಂಗಂತ ಮೇಸ್ತ್ರಿ ಹೇಳಿದ್ದಕ್ಕೆಲ್ಲಾ ನಾನು ತಲಿ ಹಾಕಿಲ್ಲ. ಸೈಲೆನ್ಸರಿಗೆ ಹೊಸಾ ನಿಕ್ಕಲ್ ಬ್ಯಾಡ ಅಂತ ಹೇಳೇನಿ. ಈ ಗಾಡಿ ಪಡಸಾಲ್ಯಾಗ ನಿಲ್ಲಿಸಾಕ ಅಲ್ಲ, ಓಡಿಸಾಕ. ಟ್ಯಾಂಕಿನ ಮ್ಯಾಲೆ ನಮ್ಮ ಹಿರಿಮಗ ಮೊಳಿಯಿಂದ ಗೀಚಿದ ಗೆರಿ ಐತಿ, ಅದನ್ನ ಮುಚ್ಚಬಾರದು ಅಂತ ಇವರು ಅಂದಾರ. ನನಗೂ ಅದ ಸರಿ ಅನ್ನಿಸೈತಿ.

ಈಗ ಇಂಜಿನ್ ಬಿಚ್ಚಿ ಹಲಗಿ ಮ್ಯಾಲೆ ಇಟ್ಟಾರ, ಸೀಲು ಬರಬೇಕು. ಇವರು ವಾರಕ್ಕ ಎರಡು ಸಲ ಬಸ್ಸಿಗೆ ಕಂಪ್ಲಿಗೆ ಹೋಗಿ ಮೇಸ್ತ್ರಿ ಹತ್ರ ಕುಂತು ಬರ್ತಾರ, ಮೊಣಕಾಲು ನೋವು ಅನ್ನೋ ಮಾತು ಕಡಿಮಿ ಆಗೈತಿ. ಸೀಟು ಮಾತ್ರ ಹರಿದೈತಿ. ಸಂಡೂರು ಕಡೆ ಹಳೇ ಸೀಟು ಛಲೋ ಹೊಲಿಯೋರು ಇದ್ರ, ರೊಟ್ಟಿ ಒಯ್ಯಾಕ ಬಂದಾಗ ನನಗ ಹೇಳಿ ಹೋಗ್ರಿ.