ದೊಡ್ಡ ಕ್ಯಾಮೆರಾ ಬೇಕೇ? ಮೊದಲು ಬೆನ್ನನ್ನು ಕೇಳಿ

ಕೊಡಚಾದ್ರಿಯ ಸೂರ್ಯಾಸ್ತ ಮೊಬೈಲಿಗೇ ಚೆನ್ನಾಗಿ ಸಿಗುವ ಈ ಕಾಲದಲ್ಲಿ ಮರದ ಕ್ಯಾಮೆರಾ, ತಲೆಯ ಮೇಲೊಂದು ಕಪ್ಪು ಬಟ್ಟೆ ಯಾಕೆ ಎಂದು ಗೆಳೆಯರು ನಗುತ್ತಾರೆ. ನಗಲಿ. ಕೊಲ್ಲೂರಿನ ನಾವು ಮೂವರು, ಮದುವೆ ಸೀಸನ್‌ನಲ್ಲಿ ಫೋಟೊ ತೆಗೆದು ಉಳಿಸಿದ ಹಣದಲ್ಲಿ ಲಾರ್ಜ್ ಫಾರ್ಮ್ಯಾಟ್ ಫೀಲ್ಡ್ ಕ್ಯಾಮೆರಾವೊಂದನ್ನು ಕೊಳ್ಳಲು ಹೊರಟಿದ್ದೇವೆ. ತಿಂಗಳುಗಟ್ಟಲೆ ವಿಚಾರಿಸಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಬ್ರಾಂಡಿನ ಮಾತು ಆಮೇಲೆ. ಮೊದಲು ನೋಡಬೇಕಾದ್ದು ಅದನ್ನು ಹೊರುವ ಬೆನ್ನು ಮತ್ತು ಅದಕ್ಕೆ ಹಾಕುವ ಫಿಲ್ಮಿನ ಖರ್ಚು.

ಈ ಕ್ಯಾಮೆರಾದ ವಿಶೇಷ ಏನು? ಮಾಮೂಲಿ ಫಿಲ್ಮ್ ಕ್ಯಾಮೆರಾದ ಒಂದು ಚಿತ್ರದ ಅಳತೆ 24×36 ಮಿಲಿಮೀಟರ್. ಇದರಲ್ಲಿ ಬಳಸುವ 4×5 ಇಂಚಿನ ಶೀಟ್ ಫಿಲ್ಮ್ ಅದಕ್ಕಿಂತ ಸುಮಾರು 15 ಪಟ್ಟು ದೊಡ್ಡದು. ಹಿಂದಿನ ಮಸುಕು ಗಾಜಿನ ಮೇಲೆ ದೃಶ್ಯ ತಲೆಕೆಳಗಾಗಿ ಮೂಡುತ್ತದೆ. ಜತೆಗೆ ಲೆನ್ಸನ್ನು ಮೇಲೆತ್ತಬಹುದು, ಮುಂದಕ್ಕೆ ಬಾಗಿಸಬಹುದು. ಸ್ವಲ್ಪ ಬಾಗಿಸಿದರೆ ಕಾಲ ಬುಡದ ಸೌಪರ್ಣಿಕಾ ನದಿಯ ಬಂಡೆಯಿಂದ ಆಚೆ ದಡದವರೆಗೆ ಎಲ್ಲವೂ ಸ್ಪಷ್ಟ. ಆಸ್ಟ್ರಿಯಾದ ಸೇನಾಧಿಕಾರಿ ಥಿಯೊಡೋರ್ ಶೈಂಪ್‌ಫ್ಲೂಗ್ 1904ರಲ್ಲಿ ಪೇಟೆಂಟ್‌ಗೆ ಸಲ್ಲಿಸಿದ ವಿವರಣೆಯಿಂದ ಈ ತತ್ವಕ್ಕೆ ಅವರದೇ ಹೆಸರು ಬಂದಿದೆ.

ಇನ್ನು ಆಯ್ಕೆ. ಒಂದೇ ಹಳಿಯ ಮೇಲೆ ಹಿಂದೆ ಮುಂದೆ ಸರಿಯುವ ಮಾನೊರೇಲ್ ಕ್ಯಾಮೆರಾ ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕೀತು. ಆದರೆ ಅದು ಸ್ಟುಡಿಯೊಕ್ಕೆ ಸರಿ, ಗುಡ್ಡಕ್ಕಲ್ಲ. ಜರ್ಮನಿಯ ಲಿನ್‌ಹಾಫ್ ಟೆಕ್ನಿಕಾದಂಥ ಲೋಹದ ಫೀಲ್ಡ್ ಕ್ಯಾಮೆರಾ ಗಟ್ಟಿಮುಟ್ಟು, ಆದರೆ ಬರಿಯ ಬಾಡಿಯೇ ಎರಡೂವರೆ ಕಿಲೋ ದಾಟುತ್ತದೆ. ಪೆಟ್ಟಿಗೆಯಂತೆ ಮಡಚುವ ಹಗುರ ಮರದ ಕ್ಯಾಮೆರಾ ಒಂದೂಕಾಲು ಕಿಲೋ ಆಸುಪಾಸಿನಲ್ಲೂ ಇದೆ. ಅದಕ್ಕೆ ಟ್ರೈಪಾಡ್, ಲೆನ್ಸ್, ಐದು ಫಿಲ್ಮ್ ಹೋಲ್ಡರ್, ಕಪ್ಪು ಬಟ್ಟೆ, ಮಳೆಗೆ ಪ್ಲಾಸ್ಟಿಕ್ ಸೇರಿಸಿ. ಐದಾರು ಕಿಲೋ ಆಯಿತು. ಕೊಡಚಾದ್ರಿಯ ಎತ್ತರ 1,343 ಮೀಟರ್. ಜೀಪು ಇಳಿದ ಮೇಲೂ ಸರ್ವಜ್ಞ ಪೀಠದವರೆಗೆ ಏರುದಾರಿಯಲ್ಲಿ ನಡೆಯಬೇಕು. ಅಲ್ಲಿ ಮಂಜು ಸರಿದು ಕಣಿವೆ ಕಾಣುವುದು ಕೆಲವೊಮ್ಮೆ ಐದೇ ನಿಮಿಷ. ಭಾರಕ್ಕೆ ಹೆದರಿ ಮನೆಯಲ್ಲೇ ಬಿಟ್ಟುಬಂದ ಒಳ್ಳೆಯ ಕ್ಯಾಮೆರಾಕ್ಕಿಂತ ಜತೆಗೆ ಬಂದ ಸಾಧಾರಣ ಕ್ಯಾಮೆರಾವೇ ಮೇಲು. ನನ್ನ ಮತ ಮರದ್ದಕ್ಕೆ.

ಕ್ಯಾಟಲಾಗಿನಲ್ಲಿ ಕಾಣುವ ಎಲ್ಲ ಸೌಲಭ್ಯವೂ ನಮಗೆ ಬೇಕಿಲ್ಲ. ಲ್ಯಾಂಡ್‌ಸ್ಕೇಪ್‌ಗೆ ಲೆನ್ಸ್ ಮೇಲೇಳಬೇಕು, ಮುಂದಕ್ಕೆ ಬಾಗಬೇಕು. ಬೆಲೋಸ್, ಅಂದರೆ ಹಾರ್ಮೋನಿಯಂ ತಿದಿಯಂತೆ ಮಡಚುವ ಭಾಗ, 300 ಮಿಲಿಮೀಟರ್‌ವರೆಗೆ ಚಾಚಿದರೆ ಸಾಕು. ಶುರುವಿಗೆ 150 ಮಿ.ಮೀ. ಲೆನ್ಸ್ ಒಂದೇ ಸಾಕು. ಈ ಅಳತೆಯ ಫಿಲ್ಮಿಗೆ ಅದೇ ನಾರ್ಮಲ್ ಲೆನ್ಸ್. ಬಾಡಿಯಲ್ಲಿ ಉಳಿಸಿದ ಹಣವನ್ನು ಒಳ್ಳೆಯ ಲೆನ್ಸಿಗೂ ಅಲುಗದ ಟ್ರೈಪಾಡಿಗೂ ಹಾಕಿ. ಗುಡ್ಡದ ತುದಿಯ ಗಾಳಿಗೆ ಬೆಲೋಸ್ ದೋಣಿಯ ಹಾಯಿಯಂತೆ ಅಲುಗಾಡುತ್ತದೆ.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಕತ್ತಲೆ ಕೋಣೆಯಲ್ಲಿ ಬೆಲೋಸ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಹೊರಗೆ ಚುಕ್ಕಿಯಷ್ಟು ಬೆಳಕು ಕಂಡರೂ ಅಲ್ಲಿ ತೂತಿದೆ ಎಂದರ್ಥ. ಲೆನ್ಸನ್ನು ಬೆಳಕಿಗೆ ಹಿಡಿದು ಜೇಡರ ಬಲೆಯಂಥ ಫಂಗಸ್ ಇದೆಯೇ ಪರೀಕ್ಷಿಸಿ. ನಮ್ಮೂರಿನ ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಲೆನ್ಸನ್ನು ಬಿಟ್ಟೀತೇ? ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿ ಇಲ್ಲಿ ಶೋಕಿಯಲ್ಲ, ಅಗತ್ಯ.

ನಿಜವಾದ ಖರ್ಚು ಇರುವುದು ಫಿಲ್ಮಿನಲ್ಲಿ. ನಮ್ಮದೇ ದೇಶದ ಊಟಿಯಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ ‘ಇಂದು’ ಹೆಸರಿನ ಫಿಲ್ಮ್ ತಯಾರಿಸುತ್ತಿತ್ತು. ಅದು ಮುಚ್ಚಿಹೋಗಿದೆ. ಈಗ ಇಂಗ್ಲೆಂಡಿನ ಇಲ್‌ಫೋರ್ಡ್, ಜೆಕ್ ದೇಶದ ಫೋಮಾದಂಥ ಕಂಪನಿಗಳೇ ಗತಿ. ತರಿಸಿ, ತೊಳೆಸುವ ಹೊತ್ತಿಗೆ ಒಂದೊಂದು ಕ್ಲಿಕ್ಕಿಗೂ ನೂರಾರು ರೂಪಾಯಿ. ಆದ್ದರಿಂದಲೇ ಹಳೆಯ ಸ್ಟುಡಿಯೊಗಳ ಅಟ್ಟದಲ್ಲಿರುವ ಹಾಫ್ ಪ್ಲೇಟ್ ಕ್ಯಾಮೆರಾಗಳಿಗೆ ಮರುಳಾಗಬೇಡಿ. ಶೋಕೇಸಿಗೆ ಚೆಂದ, ಆದರೆ ಆ ಅಳತೆಯ ಫಿಲ್ಮ್ ಸುಲಭಕ್ಕೆ ಸಿಗದು. 4×5 ಆದರೆ ಇನ್ನೂ ಸಿಗುತ್ತದೆ.

ಇದು ನಮ್ಮಂಥವರಿಗಲ್ಲದ ವಿದೇಶಿ ವಸ್ತು ಎಂದೂ ತಿಳಿಯಬೇಕಿಲ್ಲ. ಕೇರಳದ ಆಲಪ್ಪುಳದಲ್ಲಿ ಕೆ. ಕರುಣಾಕರನ್ 1940ರ ದಶಕದಲ್ಲೇ ‘ವಾಗೀಶ್ವರಿ’ ಎಂಬ ಮರದ ಫೀಲ್ಡ್ ಕ್ಯಾಮೆರಾ ತಯಾರಿಸಿ ಹೆಸರು ಮಾಡಿದ್ದರು. ಅವರ ಮನೆತನದ ಕಸುಬು ಸಂಗೀತ ವಾದ್ಯಗಳ ತಯಾರಿ. ಹಾರ್ಮೋನಿಯಂ ತಿದಿ ಗೊತ್ತಿದ್ದ ಕೈಗೆ ಬೆಲೋಸ್ ಕಷ್ಟವಾಗಲಿಲ್ಲ. ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ಕೇರಳದಿಂದ ಜನ ಬರುವ ಕೊಲ್ಲೂರಿನವನಾದ ನನಗೆ, ಕ್ಯಾಮೆರಾಕ್ಕೆ ಸರಸ್ವತಿಯ ಹೆಸರಿಟ್ಟದ್ದು ವಿಚಿತ್ರ ಅನ್ನಿಸಲೇ ಇಲ್ಲ.

ಹಾಗಾದರೆ ಇಷ್ಟೆಲ್ಲ ಯಾಕೆ? ಹಂಪಿಯನ್ನು ನೋಡಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಅಲ್ಲಿನ ಗುಡಿ, ಮಂಟಪಗಳನ್ನು ಸೆರೆಹಿಡಿದ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಫೋಟೊ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ 127 ವರ್ಷಗಳಲ್ಲಿ ಏನು ಉಳಿಯಿತು, ಏನು ಹೋಯಿತು ಎಂದು ಕಲ್ಲು ಕಲ್ಲಿನ ಲೆಕ್ಕ ಸಿಗುತ್ತದೆ. ನಮ್ಮ ಸೌಪರ್ಣಿಕೆ ಕೊಡಚಾದ್ರಿಯಲ್ಲಿ ಹುಟ್ಟಿ, ಕೊಲ್ಲೂರನ್ನು ಹಾದು, ಮರವಂತೆಯಲ್ಲಿ ಹೆದ್ದಾರಿಯ ಆಚೆ ಕಡಲು ಈಚೆ ಹೊಳೆ ಎಂಬಂತೆ ಹರಿಯುತ್ತದೆ. ಈ ದಾರಿಯುದ್ದಕ್ಕೂ ಹತ್ತು ಜಾಗ ಗುರುತಿಸಿ, ಪ್ರತಿ ವರ್ಷ ಅದೇ ಹತ್ತು ಜಾಗದಲ್ಲಿ ಒಂದೊಂದು ಶೀಟ್ ತೆಗೆಯಬೇಕೆಂಬುದು ನಮ್ಮ ಆಸೆ. ವರ್ಷಕ್ಕೆ ಹತ್ತೇ ಶೀಟ್, ಐದೇ ಹೋಲ್ಡರ್. ಕೆಲಸ ಏನೆಂದು ಗೊತ್ತಾದ ಮೇಲೆ ಕ್ಯಾಮೆರಾದ ಆಯ್ಕೆ ತಾನಾಗಿ ಸಲೀಸಾಯಿತು.

‘ಇದ್ರಗೆ ಹೊಟ್ಟಿ ತುಂಬುತ್ತಾ ಮಗಾ?’ ಎಂದು ಅಮ್ಮ ಕೇಳುತ್ತಾರೆ. ತುಂಬುವುದಿಲ್ಲ. ಡಿಗ್ರಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತಿರುವ ನನಗೆ ಅನ್ನ ಕೊಡುವುದು ಮದುವೆ ಮನೆಯ ಡಿಜಿಟಲ್ ಕ್ಯಾಮೆರಾವೇ. ಹಾಗಾಗಿ ಸಾಲ ಮಾಡಿ, ಇಎಂಐ ಕಟ್ಟಿ ಇದನ್ನು ಕೊಳ್ಳಬೇಡಿ ಎಂದೇ ಹೇಳುತ್ತೇನೆ. ನಾಲ್ವರು ಸೇರಿ ಕೊಳ್ಳಿ. ಕಾಲೇಜುಗಳ ಫೋಟೊಗ್ರಫಿ ಕ್ಲಬ್‌ಗಳು ಒಂದೊಂದು ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಒಂದು ಕ್ಲಿಕ್ಕಿಗೆ ಅರ್ಧ ಗಂಟೆ ನಿಂತು ನೋಡುವ ಅಭ್ಯಾಸ ಯಾವ ಕೆಲಸಕ್ಕೂ ವ್ಯರ್ಥವಾಗದು.

ಕೊಳ್ಳುವ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ. ಬ್ಯಾಗಿಗೆ ಆರು ಕಿಲೋ ಅಕ್ಕಿ ತುಂಬಿಕೊಂಡು ನಿಮ್ಮೂರಿನ ಗುಡ್ಡ ಹತ್ತಿ. ತುದಿ ತಲುಪಿದ ಮೇಲೂ ಬ್ಯಾಗ್ ಇಳಿಸಿ ಅಂಗಾತ ಮಲಗುವುದಕ್ಕಿಂತ ಸುತ್ತ ನೋಡಬೇಕು ಅನ್ನಿಸಿದರೆ, ಧೈರ್ಯವಾಗಿ ಕ್ಯಾಮೆರಾ ಹುಡುಕಲು ಶುರು ಮಾಡಿ.